ಆಲಿವ್ ಎಣ್ಣೆ: 5 ಲೀಟರ್ ಡಬ್ಬ ತಗೊಳ್ಳೋದಾ? ಫ್ರಿಜ್‌ನಲ್ಲಿಟ್ಟು ನೋಡಿದ್ರೆ ಕಲಬೆರಕೆ ಗೊತ್ತಾಗುತ್ತಾ?

ಕ್ಯಾತ್ಸಂದ್ರ_ಅಡುಗೆ
ತುಮಕೂರಿನ ಸೂಪರ್ ಮಾರ್ಕೆಟ್‌ನಲ್ಲಿ 5 ಲೀಟರ್ ಡಬ್ಬಕ್ಕೆ ಆಫರ್ ಇದೆ. ಮನೇಲಿ ನಾಲ್ಕು ಜನ, ಈಗ ಬಳಸೋದು ಗಾಣದ ಕಡಲೆಕಾಯಿ ಎಣ್ಣೆ. ಪಲ್ಯ, ಕೋಸಂಬರಿಗೆ ಮಾತ್ರ ಆಲಿವ್ ಹಾಕೋಣ ಅಂತ. ಎಕ್ಸ್‌ಟ್ರಾ ವರ್ಜಿನ್, ಪ್ಯೂರ್, ಲೈಟ್, ಪೊಮೇಸ್ ಅಂತ ನಾಲ್ಕು ಥರ ಇಟ್ಟಿದ್ದಾರೆ, ಯಾವುದು? ಹಸಿರು ಜಾಸ್ತಿ ಇದ್ರೆ ಒಳ್ಳೇದಂತೆ, ಫ್ರಿಜ್‌ನಲ್ಲಿ ಗಟ್ಟಿಯಾದ್ರೆ ಅಸಲಿ ಅಂತೆ, ಹೌದಾ? ಮೆಡಿಕಲ್ ಶಾಪ್‌ನಲ್ಲಿ ಸಿಗೋ ಚಿಕ್ಕ ಬಾಟಲಿ ಅಡುಗೆಗೆ ಆಗುತ್ತಾ?

ಗಾಣದ_ಲೆಕ್ಕ
ಫ್ರಿಜ್ ಪರೀಕ್ಷೆ ಬಿಟ್ಟುಬಿಡಿ, ಅದರಿಂದ ಏನೂ ತಿಳಿಯಲ್ಲ. ಎಣ್ಣೆ ಗಟ್ಟಿಯಾಗೋದು ಅದರಲ್ಲಿರೋ ಮೇಣ ಮತ್ತು ಸ್ಯಾಚುರೇಟೆಡ್ ಕೊಬ್ಬಿನಿಂದ. ಅದು ಕಾಯಿಯ ತಳಿ, ಕೊಯ್ಲಿನ ಕಾಲದ ಮೇಲೆ ಬದಲಾಗುತ್ತೆ. ಅಸಲಿ ಎಕ್ಸ್‌ಟ್ರಾ ವರ್ಜಿನ್ ದಿನಗಟ್ಟಲೆ ತೆಳ್ಳಗೇ ಇರಬಹುದು, ರಿಫೈನ್ಡ್ ಬೆರೆಸಿದ್ದು ಹೆಪ್ಪುಗಟ್ಟಬಹುದು. ಕಡಲೆಕಾಯಿ ಎಣ್ಣೆಯೂ ಫ್ರಿಜ್‌ನಲ್ಲಿ ಮಂದವಾಗುತ್ತಲ್ಲ! ತಿಪಟೂರಿನ ಕೊಬ್ಬರಿ ಎಣ್ಣೆಯಂತೂ 24 ಡಿಗ್ರಿ ಆಸುಪಾಸಿನಲ್ಲೇ ಗಟ್ಟಿ.

ಬಣ್ಣವೂ ಅಷ್ಟೇ. ಎಳೆ ಕಾಯಿ ಹಿಂಡಿದ್ರೆ ಹಸಿರು, ಹಣ್ಣಾದ್ಮೇಲೆ ಹಿಂಡಿದ್ರೆ ಹಳದಿ. ವೃತ್ತಿಯಲ್ಲಿ ರುಚಿ ನೋಡುವವರು ಬಣ್ಣ ಕಾಣಿಸಬಾರದೆಂದೇ ನೀಲಿ ಗಾಜಿನ ಲೋಟ ಬಳಸ್ತಾರೆ.

ಇನ್ನು ನಾಲ್ಕು ಥರ. ಎಕ್ಸ್‌ಟ್ರಾ ವರ್ಜಿನ್ ಅಂದ್ರೆ ರಾಸಾಯನಿಕ ಮುಟ್ಟಿಸದೆ ಯಂತ್ರದಲ್ಲೇ ತೆಗೆದದ್ದು. ಆಮ್ಲೀಯತೆ 100 ಗ್ರಾಂಗೆ 0.8 ಗ್ರಾಂ ದಾಟಬಾರದು, ವಾಸನೆ ರುಚಿಯಲ್ಲಿ ದೋಷ ಇರಬಾರದು. ಪ್ಯೂರ್, ಕ್ಲಾಸಿಕ್ ಅಂತ ಬರೆದಿರೋದು ರಿಫೈನ್ಡ್ ಎಣ್ಣೆಗೆ ಸ್ವಲ್ಪ ವರ್ಜಿನ್ ಬೆರೆಸಿದ್ದು; ‘ಪ್ಯೂರ್’ ಅಂತ ಓದಿ ಇದೇ ಮೇಲ್ದರ್ಜೆ ಅಂದ್ಕೊಳ್ಳೋರು ತುಂಬಾ ಜನ. ಲೈಟ್ ಅಂದ್ರೆ ಬಣ್ಣ, ರುಚಿ ಹಗುರ ಅಷ್ಟೇ, ಕೊಬ್ಬು ಕಡಿಮೆಯಲ್ಲ. ಯಾವ ಎಣ್ಣೆಯಾದ್ರೂ 15 ಮಿಲಿ ಚಮಚಕ್ಕೆ ಸುಮಾರು 120 ಕ್ಯಾಲರಿ, ನಿಮ್ಮ ಕಡಲೆಕಾಯಿ ಎಣ್ಣೆಯೂ ಸೇರಿ. ಪೊಮೇಸ್ ಅಂದ್ರೆ ಹಿಂಡಿಯ ಎಣ್ಣೆ. ಆಲಿವ್ ಹಿಂಡಿಯಲ್ಲಿ ಉಳಿದದ್ದನ್ನ ಹೆಕ್ಸೇನ್‌ನಂಥ ದ್ರಾವಕ ಹಾಕಿ ತೆಗೆದು, ರಿಫೈನ್ ಮಾಡಿ, ವರ್ಜಿನ್ ಬೆರೆಸ್ತಾರೆ. ತಿನ್ನೋಕೆ ತೊಂದರೆಯಿಲ್ಲ, ಆದ್ರೆ ಅದಕ್ಕೆ ಆಲಿವ್ ಬೆಲೆ ಕೊಡೋದಕ್ಕಿಂತ ಗಾಣದ ಎಣ್ಣೆಯೇ ವಾಸಿ ಅನ್ನೋದು ನನ್ನ ಮಾತು.

ಹಿತ್ತಾಳೆ_ಗಿಂಡಿ
5 ಲೀಟರ್ ಬೇಡ. ಬರೀ ಪಲ್ಯ, ಕೋಸಂಬರಿ ಅಂದ್ರೆ ದಿನಕ್ಕೆ ಎರಡು ಚಮಚ, 30 ಮಿಲಿ. ಐದು ಲೀಟರ್ ಮುಗಿಯೋಕೆ ಐದೂವರೆ ತಿಂಗಳು. ಮುಚ್ಚಳ ತೆಗೆದ ಮೇಲೆ ಎರಡು ಮೂರು ತಿಂಗಳಲ್ಲಿ ಮುಗಿಸಬೇಕು. 1 ಲೀಟರ್ ಸಾಕು.

ಎಣ್ಣೆ ಕೆಡಿಸೋದು ಬೆಳಕು, ಬಿಸಿ, ಗಾಳಿ. ನಮ್ಮಲ್ಲಿ ಎಣ್ಣೆ ಇಡೋ ಜಾಗ ಗ್ಯಾಸ್ ಒಲೆ ಪಕ್ಕ ಅಥವಾ ಕಿಟಕಿ ಕಟ್ಟೆ, ಎರಡೂ ತಪ್ಪು. ಒಲೆಯಿಂದ ದೂರದ, ಬಾಗಿಲಿರೋ ಕೆಳಗಿನ ಕಪಾಟು ಸರಿ. ಮೇಲಿನ ಅಟ್ಟ ಏಪ್ರಿಲ್‌ನಲ್ಲಿ ಕಾದುಹೋಗುತ್ತೆ, ಅಲ್ಲಿ ಬೇಡ. 14ರಿಂದ 18 ಡಿಗ್ರಿ ಅಂತ ಪುಸ್ತಕದಲ್ಲಿ ಬರೀತಾರೆ, ತುಮಕೂರಿನ ಬೇಸಿಗೆಯಲ್ಲಿ ಅದು ಎಲ್ಲಿ ಬಂತು? ಆ ಎರಡು ತಿಂಗಳು ಬೇಕಿದ್ರೆ ಫ್ರಿಜ್ ಬಾಗಿಲಲ್ಲಿ ಇಡಿ. ಮೋಡ ಕಟ್ಟಿದ ಹಾಗೆ ಕಂಡ್ರೆ ಹೆದರಬೇಡಿ, ಹೊರಗಿಟ್ಟರೆ ತಿಳಿಯಾಗುತ್ತೆ. ದಿನಾ ಒಳಗೆ ಹೊರಗೆ ಮಾಡಿದ್ರೆ ಮಾತ್ರ ಮುಚ್ಚಳದೊಳಗೆ ನೀರಹನಿ ಕಟ್ಟುತ್ತೆ, ಅದಕ್ಕೇ ವಾರಕ್ಕೆ ಬೇಕಾದಷ್ಟು ಚಿಕ್ಕ ಬಾಟಲಿಗೆ ಬಗ್ಗಿಸಿಕೊಳ್ಳಿ.

ಆ ಚಿಕ್ಕ ಬಾಟಲಿ ಕಡು ಬಣ್ಣದ ಗಾಜು ಇಲ್ಲವೇ ಸ್ಟೀಲ್ ಆಗಿರಲಿ. ತೊಳೆದು ಪೂರ್ತಿ ಒಣಗಿಸಿ. ಹಳೇ ಎಣ್ಣೆ ತಳದಲ್ಲಿರುವಾಗ ಹೊಸದನ್ನ ಮೇಲೆ ಸುರಿಯೋದು ಎಲ್ಲರೂ ಮಾಡೋ ಕೆಲಸ. ಕೆಡೋಕೆ ಶುರುವಾದ ಹಳೇದು ಹೊಸದನ್ನೂ ಬೇಗ ಕೆಡಿಸುತ್ತೆ. ಹಿತ್ತಾಳೆ, ತಾಮ್ರದ ಪಾತ್ರೆ ಬೇಡವೇ ಬೇಡ (ನನ್ನ ಹೆಸರು ನೋಡಿ ಮೋಸ ಹೋಗಬೇಡಿ). ತಾಮ್ರ, ಕಬ್ಬಿಣದ ಅಂಶ ಎಣ್ಣೆ ಕಮಟಾಗೋದನ್ನ ಚುರುಕು ಮಾಡುತ್ತೆ. ಮೂತಿ ತೆರೆದೇ ಇರೋ ಎಣ್ಣೆ ಜಗ್ಗೂ ಬೇಡ.

ಬೆಳ್ಳುಳ್ಳಿ ಎಸಳು ಹಾಕಿ ಹೊರಗಿಡೋದು ಅಪಾಯ. ಗಾಳಿಯಿಲ್ಲದ ಎಣ್ಣೆಯೊಳಗೆ ಬಾಟ್ಯುಲಿಸಮ್ ಅನ್ನೋ ಪ್ರಾಣಾಪಾಯದ ವಿಷಬಾಧೆ ತರೋ ಬ್ಯಾಕ್ಟೀರಿಯಾ ಬೆಳೀಬಹುದು, ವಾಸನೆಯಿಂದ ತಿಳಿಯಲ್ಲ. ಬೇಕಿದ್ರೆ ಫ್ರಿಜ್‌ನಲ್ಲಿಟ್ಟು ಮೂರ್ನಾಲ್ಕು ದಿನದಲ್ಲಿ ಮುಗಿಸಿ.

ಲೇಬಲ್_ಓದಿ
ಕೊಳ್ಳುವಾಗ: ಪಾರದರ್ಶಕ ಬಾಟಲಿ ಟ್ಯೂಬ್‌ಲೈಟ್ ಕೆಳಗೆ ತಿಂಗಳುಗಟ್ಟಲೆ ನಿಂತಿರುತ್ತೆ, ಕಡು ಗಾಜು ಅಥವಾ ತಗಡಿನ ಡಬ್ಬ ಆರಿಸಿ. ವೈನ್ ಥರ ಹಳೇದಾದಷ್ಟೂ ರುಚಿ ಅನ್ನೋದು ಸುಳ್ಳು. ಕೊಯ್ಲಿನ ತಿಂಗಳು ಹಾಕಿದ್ರೆ ಅದನ್ನೇ ನಂಬಿ. ಸ್ಪೇನ್, ಇಟಲಿ ಕಡೆ ಕೊಯ್ಲು ಅಕ್ಟೋಬರ್‌ನಿಂದ ಜನವರಿ. ‘ಇಟಲಿಯಲ್ಲಿ ಪ್ಯಾಕ್ ಮಾಡಿದ್ದು’ ಅಂದ್ರೆ ಕಾಯಿ ಇಟಲಿದೇ ಅಂತಲ್ಲ, ಹಿಂಬದಿ ಸಣ್ಣಕ್ಷರದಲ್ಲಿ ಸ್ಪೇನ್, ಟ್ಯುನೀಷಿಯಾ ಇರಬಹುದು. ಆಫರ್ ಇರೋ ದೊಡ್ಡ ಡಬ್ಬದ ಬೆಸ್ಟ್ ಬಿಫೋರ್ ನೋಡಿ, ಬಹುಪಾಲು ಅಲ್ಲೇ ಉತ್ತರ ಸಿಗುತ್ತೆ.

ಮೆಡಿಕಲ್ ಶಾಪ್ ಬಾಟಲಿ: 14 ಅಂಕಿಯ ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ನಂಬರ್, ಹಸಿರು ಚುಕ್ಕೆ ಇಲ್ಲದಿದ್ರೆ ಅದು ಮೈಗೆ ಹಚ್ಚೋಕೆ ಮಾತ್ರ.

ಕ್ಯಾತ್ಸಂದ್ರ_ಅಡುಗೆ
ಎಲ್ಲರಿಗೂ ಥ್ಯಾಂಕ್ಸ್. ಎಕ್ಸ್‌ಟ್ರಾ ವರ್ಜಿನ್ ಒಗ್ಗರಣೆಗೆ ಹಾಕಬಾರದು ಅಂತಾರಲ್ಲ? ಮತ್ತೆ ಕೆಟ್ಟಿದ್ರೆ ಗೊತ್ತಾಗೋದು ಹೇಗೆ?

ಗಾಣದ_ಲೆಕ್ಕ
ಹಾಕಬಹುದು. ಒಳ್ಳೇ ಎಕ್ಸ್‌ಟ್ರಾ ವರ್ಜಿನ್ ಹೊಗೆಯಾಡೋದು ಸುಮಾರು 190ರಿಂದ 210 ಡಿಗ್ರಿಗೆ, ಪೂರಿ ಕರಿಯೋದೇ 180ರ ಹತ್ತಿರ. ಬಾಣಲೆ ಖಾಲಿ ಕಾಯಿಸಿ ಆಮೇಲೆ ಎಣ್ಣೆ ಹಾಕಬೇಡಿ, ಸಣ್ಣ ಉರಿಯಲ್ಲಿ ಎಣ್ಣೆ ಜೊತೆಗೇ ಕಾಯಿಸಿ. ಕರಿಯೋಕೆ ಬಳಸಿದ್ರೆ ಪರಿಮಳವೂ ದುಡ್ಡೂ ಹೋಗುತ್ತೆ, ಅದಕ್ಕೆ ಕಡಲೆಕಾಯಿ ಎಣ್ಣೆ ಇರಲಿ.

ಒಂದು ಚಮಚ ಸಣ್ಣ ಲೋಟಕ್ಕೆ ಹಾಕಿ, ಅಂಗೈಯಿಂದ ಮುಚ್ಚಿ ಒಂದು ನಿಮಿಷ ಬೆಚ್ಚಗೆ ಹಿಡಿದು ಮೂಸಿ. ಹುಲ್ಲು, ಹಸಿ ಸೊಪ್ಪಿನ ವಾಸನೆ ಬಂದ್ರೆ ಚೆನ್ನಾಗಿದೆ. ಹಳೇ ಕಡಲೆಬೀಜ, ಮೇಣದ ಬಳಪದ ವಾಸನೆ ಬಂದ್ರೆ ಕಮಟು. ಬಾಯಿಗೆ ಹಾಕಿದಾಗ ಕಹಿ, ಗಂಟಲಲ್ಲಿ ಮೆಣಸಿನ ಖಾರ, ಕೆಮ್ಮು ಬಂದ್ರೆ ಕೆಟ್ಟಿದೆ ಅಂತ ಅಂಗಡಿಗೆ ವಾಪಸ್ ಒಯ್ಯಬೇಡಿ. ಗಂಟಲಿನ ಆ ಖಾರ ಒಲಿಯೊಕ್ಯಾಂಥಲ್ ಅನ್ನೋ ಅಂಶದಿಂದ, ಅದು ತಾಜಾ ಎಣ್ಣೆಯಲ್ಲೇ ಹೆಚ್ಚು. ಕಮಟು ಹಿಡಿದದ್ದನ್ನ ಸಿಂಕ್‌ಗೆ ಸುರಿಯದೆ ದೀಪಕ್ಕೆ ಬಳಸಿ.