ಆಫೀಸಿನಲ್ಲಿ, ನೆರೆಕರೆಯಲ್ಲಿ ನಮ್ಮ ನಂಬಿಕೆಯನ್ನು ಹೇಳಿಕೊಳ್ಳುವುದು ಹೇಗೆ? ನಿಮ್ಮ ಅನುಭವ ಬೇಕು

ನಾನು ಕುಂಬಳೆ ಹತ್ತಿರದವಳು. ಕಾಸರಗೋಡಿನ ಒಂದು ಆಫೀಸಿನಲ್ಲಿ ಕೆಲಸ. ಇರುವ 11 ಜನರಲ್ಲಿ ಕ್ರಿಶ್ಚಿಯನ್ ನಾನೊಬ್ಬಳೇ. ಎಲ್ಲರೂ ಒಳ್ಳೆಯವರು. ಆದರೂ ಭಾನುವಾರ ಪೂಜೆಗೆ ಹೋಗಿದ್ದೆ ಅಂತ ಹೇಳುವುದಕ್ಕೂ ಹಿಂಜರಿಕೆ. ಯೇಸುವಿನ ಮಾತೆತ್ತಿದರೆ ಮತಾಂತರಕ್ಕೆ ಹೊರಟಿದ್ದಾಳೆ ಅಂದುಕೊಂಡಾರು ಎಂಬ ಭಯ. ಸುಮ್ಮನಿದ್ದರೆ ಮನಸ್ಸು ಚುಚ್ಚುತ್ತದೆ. ನೀವೆಲ್ಲ ಏನು ಮಾಡುತ್ತೀರಿ?

ಬೇಳ ಕಡೆಯಿಂದ:
ತಂಗೀ, ನನಗೂ ಈ ಭಯ ಇತ್ತು. ನಮ್ಮ ನೆರೆಮನೆಯ ಅಣ್ಣನಿಗೆ ಕಿಡ್ನಿ ತೊಂದರೆ, ಮಂಗಳೂರಿನಲ್ಲಿ ಡಯಾಲಿಸಿಸ್ ಆಗುತ್ತಿತ್ತು. 2020ರ ಮಾರ್ಚ್‌ನಲ್ಲಿ ಕೊರೊನಾ ಅಂತ ಕೇರಳ-ಕರ್ನಾಟಕದ ತಲಪಾಡಿ ಗಡಿ ಮುಚ್ಚಿದರಲ್ಲ, ಆಗ ಅವರ ಮನೆಯಲ್ಲಿ ದಿಕ್ಕೇ ತೋಚಲಿಲ್ಲ. ನನ್ನ ಗಂಡ ಪೊಲೀಸರ ಹತ್ತಿರ ಪಾಸ್ ಮಾಡಿಸಿಕೊಂಡು ನಮ್ಮ ಜೀಪಿನಲ್ಲಿ ಅವರನ್ನು ಕಾಞಂಗಾಡಿಗೆ ಕರೆದುಕೊಂಡು ಹೋಗಿ ಬರುತ್ತಿದ್ದರು. ಇದೇನು ಧರ್ಮಪ್ರಚಾರ ಅಂತ ಮಾಡಿದ್ದಲ್ಲ, ನೆರೆಯವರಲ್ವಾ.

ಸಂಜೆ ಏಳಕ್ಕೆ ನಮ್ಮಲ್ಲಿ ತೇರ್ಸ್ (ಜಪಮಾಲೆ ಪ್ರಾರ್ಥನೆ) ಹೇಳುತ್ತೇವೆ. ಆಗ ಇಗರ್ಜಿ (ಚರ್ಚ್) ಮುಚ್ಚಿತ್ತು, ಆ ವರ್ಷ ಏಪ್ರಿಲ್ 12ಕ್ಕೆ ಬಂದ ಈಸ್ಟರ್ ಕೂಡ ಮನೆಯಲ್ಲೇ. ಒಂದು ದಿನ ಆ ಅಣ್ಣನ ಹೆಂಡತಿ, ಅಕ್ಕ, ಬೇಲಿಯ ಆಚೆಯಿಂದಲೇ ಕೇಳಿದರು: "ಬಾಯಮ್ಮಾ, ನಿಮ್ಮ ಪ್ರಾರ್ಥನೆಯಲ್ಲಿ ನಮ್ಮವರ ಹೆಸರೂ ಹೇಳ್ತೀರಾ?" ದಿನಾ ಹೇಳುತ್ತಲೇ ಇದ್ದೆವು, ಆದರೆ ಕೊಂಕಣಿಯಲ್ಲಿ ಹೇಳುವುದರಿಂದ ಅವರಿಗೆ ಗೊತ್ತಾಗಿರಲಿಲ್ಲ. ಮರುದಿನ ಅವರು ಬಂದು ಜಗಲಿಯ ತುದಿಯಲ್ಲಿ ಕೂತರು. ಕೈಯಲ್ಲಿ ಅರ್ಧ ಕಟ್ಟಿದ ಅಬ್ಬಲಿಗೆ ಮಾಲೆ. ನಾವು ಹೇಳಿ ಮುಗಿಸುವ ತನಕ ಕಟ್ಟುತ್ತಾ ಇದ್ದು, ಕೊನೆಗೆ ಅದನ್ನು ಮರಿಯ ಮಾತೆಯ ಪಟಕ್ಕೆ ಹಾಕಲು ಕೊಟ್ಟರು. ಆಮೇಲೆ ಅವರೇ ಕೇಳಿದರು, ಶಿಲುಬೆಯಲ್ಲಿ ಅಷ್ಟು ನೋವಿದ್ದರೂ ಯೇಸು ಹೊಡೆದವರನ್ನು ಕ್ಷಮಿಸಿದ್ದು ನಿಜವಾ ಅಂತ. ನನಗೆ ತಿಳಿದಷ್ಟು ಹೇಳಿದೆ. ಅಣ್ಣ ಮುಂದಿನ ವರ್ಷ ತೀರಿಕೊಂಡರು. ಅಕ್ಕ ಈಗಲೂ ಅವರ ದೇವಸ್ಥಾನಕ್ಕೇ ಹೋಗುತ್ತಾರೆ, ನಮ್ಮ ಜಗಲಿಗೂ ಬರುತ್ತಾರೆ. ಅವರನ್ನು ಬದಲಾಯಿಸಬೇಕು ಅಂತ ನನಗೆ ಒಂದು ದಿನವೂ ಅನಿಸಿಲ್ಲ. ಅವರು ಕೇಳಿದಾಗ ಬಾಯಿ ಮುಚ್ಚಿ ಕೂರಲಿಲ್ಲ ಎಂಬ ಸಮಾಧಾನ ಮಾತ್ರ ಇದೆ.

ನೀವು ಸೆಪ್ಟೆಂಬರ್ 8ರ ತೆನೆ ಹಬ್ಬದಿಂದ ಶುರು ಮಾಡಿ. ಇಗರ್ಜಿಯಲ್ಲಿ ಆಶೀರ್ವಾದ ಮಾಡಿ ಕೊಡುವ ಕದಿರನ್ನು ನಾವು ನೆರೆಮನೆಗಳಿಗೂ ಕೊಡುತ್ತೇವೆ. ಹೊಸಕ್ಕಿ ಊಟ ಅವರಲ್ಲೂ ಇದೆ, ಹಾಗಾಗಿ ಇದು ಏನು ಅಂತ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಮಂಜೇಶ್ವರದಿಂದ:
ನಾನು ಮಾಡಿದ ತಪ್ಪು ಹೇಳುತ್ತೇನೆ. ಇಪ್ಪತ್ತೈದನೇ ವಯಸ್ಸಿನಲ್ಲಿ ಕಂಡಕಂಡವರಿಗೆಲ್ಲ ಕರಪತ್ರ ಕೊಡುತ್ತಿದ್ದೆ, ವಾದಕ್ಕೆ ಇಳಿಯುತ್ತಿದ್ದೆ. ಶಾಲೆಯಿಂದ ಜೊತೆಗಿದ್ದ ಗೆಳೆಯನ ಮನೆದೇವರ ಬಗ್ಗೆ ಹಗುರವಾಗಿ ಮಾತಾಡಿದೆ. ಅವನು ಎರಡು ವರ್ಷ ಮಾತು ಬಿಟ್ಟ. ಕೊನೆಗೆ ಮನೆಗೇ ಹೋಗಿ ಕ್ಷಮೆ ಕೇಳಿದೆ. ಬೈಬಲಿನಲ್ಲಿ ಒಂದನೇ ಪೇತ್ರ 3:15 ಓದಿ ನೋಡಿ. ನಿಮ್ಮ ನಿರೀಕ್ಷೆಗೆ ಕಾರಣ ಏನು ಅಂತ ಕೇಳಿದವರಿಗೆ ಉತ್ತರ ಕೊಡಲು ಸಿದ್ಧರಾಗಿರಿ, ಅದೂ ಮೃದುವಾಗಿ, ಗೌರವದಿಂದ ಅಂತ ಅಲ್ಲಿದೆ. ನಾನು ಯಾರೂ ಕೇಳದೆ ಉತ್ತರ ಕೊಡುತ್ತಿದ್ದೆ.

ಆ ಗೆಳೆಯನೇ ಒಂದು ದಿನ ಗೋವಿಂದ ಪೈಗಳ 'ಗೊಲ್ಗೊಥಾ' ತಂದು, ಇದರಲ್ಲಿ ಬರುವ ಜಾಗ, ಹೆಸರುಗಳನ್ನೆಲ್ಲ ವಿವರಿಸು ಅಂದ. ನಮ್ಮೂರಿನ ಕವಿ ಯೇಸುವಿನ ಕೊನೆಯ ದಿನದ ಬಗ್ಗೆ ಕನ್ನಡದಲ್ಲಿ ಬರೆದದ್ದನ್ನು ಇಬ್ಬರೂ ಕೂತು ಓದಿದೆವು. ನನ್ನ ಕರಪತ್ರಗಳಿಂದ ಆಗದ ಮಾತು ಅವತ್ತು ಆಯಿತು.

ಉಪ್ಪಳದಿಂದ:
ನಾನೂ ಆಫೀಸಿನವನೇ. ಬುತ್ತಿ ಬಿಚ್ಚುವ ಮೊದಲು ಕಣ್ಣು ಮುಚ್ಚಿ ಅರ್ಧ ನಿಮಿಷ ಪ್ರಾರ್ಥನೆ, ಅಷ್ಟೇ. 2025ರ ಮಾರ್ಚ್‌ನಲ್ಲಿ ರಂಜಾನ್ ಉಪವಾಸವೂ ಈಸ್ಟರಿಗೆ ಮುಂಚಿನ ನಮ್ಮ ತಪಸ್ಸು ಕಾಲವೂ ಒಟ್ಟಿಗೇ ಬಂದಿದ್ದವು. ಪಕ್ಕದ ಮೇಜಿನ ಇಕ್ಕಾ (ಮುಸ್ಲಿಂ ಅಣ್ಣ) "ನೀವೂ ಬಿಡ್ತೀರಾ?" ಅಂತ ಕೇಳಿದರು. ನಲವತ್ತು ದಿನ ಮೀನು ಮಾಂಸ ಬಿಟ್ಟಿದ್ದೇನೆ, ಉಳಿಸಿದ ದುಡ್ಡು ಒಂದು ಮನೆಯ ಔಷಧಿಗೆ ಅಂದೆ. ಮರುವಾರ ಅವರೂ ಆ ಮನೆಗೆ ಅಂತ ಒಂದು ಲಕೋಟೆ ಕೊಟ್ಟರು. ಇನ್ನೊಂದು ಮಾತು, ಊಟದ ಹೊತ್ತಿನಲ್ಲಿ ಚಾಡಿ ಮಾತಿಗೆ ಸೇರಬೇಡಿ. ಇದು ಪ್ರಾರ್ಥನೆಗಿಂತ ಕಷ್ಟ, ಜನ ಬೇಗ ಗಮನಿಸುವುದೂ ಇದನ್ನೇ.

ಕೇಳಿದವಳು:
ಎಲ್ಲರಿಗೂ ದೇವರು ಒಳ್ಳೆಯದು ಮಾಡಲಿ. ಬೇಳದ ಅಕ್ಕಾ, ಕದಿರು ಒಬ್ಬರಿಗೆ ಒಂದೊಂದು ತೆನೆ ಸಾಕಾ? ಹತ್ತು ಜನರಿಗೆ ಬೇಕು, ಮೊದಲೇ ಫಾದರ್ ಹತ್ತಿರ ಹೇಳಿಡುತ್ತೇನೆ.