ವೈಫೈ ಸಿಗ್ನಲ್ ಫುಲ್ ಇದ್ದರೂ ವಿಡಿಯೋ ನಿಂತು ನಿಂತು ಬರುತ್ತದೆ, ಯಾಕೆ?

ಪ್ರಶ್ನೆ:
ಮೊಬೈಲಿನಲ್ಲಿ ವೈಫೈ ಸಿಗ್ನಲ್ ಪೂರ್ತಿ ತೋರಿಸುತ್ತದೆ, ಆದರೂ ರಾತ್ರಿ ಹೊತ್ತು ವಿಡಿಯೋ ಸುತ್ತುತ್ತಲೇ ಇರುತ್ತದೆ. ರೂಟರಿನ ಹೆಸರು ಎರಡೆರಡು ಕಾಣುತ್ತವೆ, ಒಂದರ ಕೊನೆಗೆ 5ಜಿ ಅಂತಿದೆ. ಇದು ಸಿಮ್‌ನಲ್ಲಿ ಬರುವ 5ಜಿ ಏನಾ? ಒಂದು ರಿಪೀಟರ್ (ವೈಫೈ ಸಿಗ್ನಲ್ ಹಿಡಿದು ಮುಂದಕ್ಕೆ ಕಳಿಸುವ ಡಬ್ಬಿ) ತಂದು ಹಾಕಿದರೆ ಸರಿಹೋಗುತ್ತದಾ?

ಉತ್ತರ 1:
ರಿಪೀಟರ್ ಈಗಲೇ ತರಬೇಡಿ. ಆ ಸಿಗ್ನಲ್ ಗುರುತು ತೋರಿಸುವುದು ಮೊಬೈಲಿಗೂ ರೂಟರಿಗೂ ನಡುವಿನ ಸಂಪರ್ಕ ಮಾತ್ರ, ರೂಟರಿನಿಂದಾಚೆ ಇಂಟರ್ನೆಟ್ ಹೇಗಿದೆ ಅಂತ ಅದು ಹೇಳುವುದಿಲ್ಲ. ಇವತ್ತು ರಾತ್ರಿ ವಿಡಿಯೋ ನಿಂತಾಗ ಒಂದು ಲ್ಯಾಪ್‌ಟಾಪನ್ನು ಕೇಬಲ್ ಹಾಕಿ ರೂಟರಿಗೆ ಸೇರಿಸಿ ನೋಡಿ. ಅಲ್ಲೂ ನಿಧಾನ ಇದ್ದರೆ ಹೊರಗಿನ ಲೈನೇ ನಿಧಾನ, ಎಷ್ಟು ರಿಪೀಟರ್ ಹಾಕಿದರೂ ಪ್ರಯೋಜನ ಇಲ್ಲ.

ಸಿಮ್‌ನ 5ಜಿಗೂ ಇದಕ್ಕೂ ಸಂಬಂಧವೇ ಇಲ್ಲ. ಇಲ್ಲಿ 5 ಅಂದರೆ 5 ಗಿಗಾಹರ್ಟ್ಸ್ (ವೈಫೈ ಬಳಸುವ ರೇಡಿಯೋ ತರಂಗದ ಆವರ್ತನ), ಇನ್ನೊಂದು ಹೆಸರು 2.4 ಗಿಗಾಹರ್ಟ್ಸ್. 2.4 ಗೋಡೆ ದಾಟಿ ದೂರ ಹೋಗುತ್ತದೆ, ಆದರೆ ಅಲ್ಲಿ ಜಾಗ ತುಂಬಾ ಕಡಿಮೆ: ಒಂದರ ಮೇಲೊಂದು ಬೀಳದ ಚಾನಲ್ (ಆ ಜಾಗದ ಒಂದೊಂದು ಪಾಲು) ಅಂತ ಸಾಮಾನ್ಯವಾಗಿ ಸಿಗುವುದು 1, 6, 11 ಮೂರೇ, ಅದರಲ್ಲೇ ಅಕ್ಕಪಕ್ಕದವರ ರೂಟರುಗಳು, ಬ್ಲೂಟೂತ್, ಮೈಕ್ರೋವೇವ್ ಓವನ್ನಿನ ಗಲಾಟೆ ಎಲ್ಲಾ ಸೇರಿಕೊಂಡಿರುತ್ತದೆ. ರಾತ್ರಿ ಎಲ್ಲರೂ ಮನೆಯಲ್ಲೇ ಇರುತ್ತಾರೆ, ಅಲ್ವಾ? ರೂಟರ್ ಹತ್ತಿರ ಇದ್ದಾಗ 5ಕ್ಕೇ ಸೇರಿಕೊಳ್ಳಿ.

ಉತ್ತರ 2:
ಮೇಲಿನವರು ಹೇಳಿದ್ದು ಸರಿ, ಇನ್ನೊಂದು ವಿಷಯ ಸೇರಿಸುತ್ತೇನೆ. ಸಾಮಾನ್ಯವಾಗಿ ಒಂದು ಚಾನಲ್‌ನಲ್ಲಿ ಒಂದು ಸಲಕ್ಕೆ ಒಬ್ಬರೇ ಮಾತಾಡಬೇಕು, ಉಳಿದವರು ಕಾಯಬೇಕು. ದೂರದ ಕೋಣೆಯ ಹಳೇ ಮೊಬೈಲು ಅಷ್ಟೇ ಡೇಟಾ ಕಳಿಸಲು ಜಾಸ್ತಿ ಹೊತ್ತು ತೆಗೆದುಕೊಳ್ಳುತ್ತದೆ, ಪಕ್ಕದಲ್ಲೇ ಇರುವ ನಿಮ್ಮ ಹೊಸ ಮೊಬೈಲು ಅಷ್ಟು ಹೊತ್ತೂ ಸುಮ್ನೆ ಕಾಯುತ್ತಿರುತ್ತದೆ! ಅದಕ್ಕೇ ಟಿವಿ, ಕಂಪ್ಯೂಟರ್‌ನಂಥ ಕದಲದ ಸಾಮಾನಿಗೆ ಕೇಬಲ್ಲೇ ಹಾಕಿ ಅಂತ ನಾನು ಎಲ್ಲರಿಗೂ ಹೇಳುವುದು.

ರಿಪೀಟರ್ ವಿಷಯ: ಸಾಧಾರಣ ರಿಪೀಟರ್ ಒಂದೇ ರೇಡಿಯೋದಲ್ಲಿ ಕೇಳಿ, ಅದನ್ನೇ ಮತ್ತೆ ಹೇಳುತ್ತದೆ, ಹಾಗಾಗಿ ವೇಗ ಹೆಚ್ಚುಕಡಿಮೆ ಅರ್ಧ ಆಗುತ್ತದೆ. ಸಿಗ್ನಲ್ ಸತ್ತಿರುವ ಮೂಲೆಯಲ್ಲಿ ಇಟ್ಟರೆ ಕೆಲಸಕ್ಕೇ ಬರುವುದಿಲ್ಲ, ನಡುದಾರಿಯಲ್ಲಿ ಇಡಬೇಕು. ಅದಕ್ಕೂ ಮೊದಲು ರೂಟರನ್ನು ಟಿವಿ ಹಿಂದಿನಿಂದ, ಬೀರುವಿನಿಂದ ಹೊರಗೆ ತೆಗೆದು ಮನೆಯ ನಡುಭಾಗದಲ್ಲಿ ಎತ್ತರಕ್ಕೆ ಇಡಿ. ಲೋಹ, ದೊಡ್ಡ ಕನ್ನಡಿ, ಮೀನಿನ ತೊಟ್ಟಿ ಅಡ್ಡ ಇರಬಾರದು.

ಪ್ರಶ್ನೆ ಕೇಳಿದವರು:
ಕೇಬಲ್‌ನಲ್ಲಿ ಚೆನ್ನಾಗಿಯೇ ಓಡಿತು. ರೂಟರ್ ಟಿವಿ ಹಿಂದೆಯೇ ಇತ್ತು, ಈಗ ಮೇಲಿಟ್ಟು 5ಕ್ಕೆ ಸೇರಿಕೊಂಡಿದ್ದೇನೆ, ಹಾಲ್‌ನಲ್ಲಿ ವಿಡಿಯೋ ನಿಲ್ಲುತ್ತಿಲ್ಲ. ಮಲಗುವ ಕೋಣೆಯಲ್ಲಿ ಮಾತ್ರ 5 ಸರಿಯಾಗಿ ಸಿಗುವುದಿಲ್ಲ.

ಉತ್ತರ 1:
ಅಲ್ಲಿ 2.4 ಬಳಸಿ, ತೊಂದರೆ ಇಲ್ಲ. ರೂಟರ್ ಸೆಟ್ಟಿಂಗ್ಸ್‌ಗೆ ಹೋಗಿ ಚಾನಲ್ 1, 6, 11ರಲ್ಲಿ ಯಾವುದು ಖಾಲಿಯೋ ಅದನ್ನು ಹಾಕಿ. ಹೋದ ಕೈಯಲ್ಲೇ ಸೆಕ್ಯುರಿಟಿ (ವೈಫೈಗೆ ಹಾಕುವ ಬೀಗದ ಬಗೆ) ಡಬ್ಲ್ಯೂಪಿಎ2 ಅಥವಾ ಡಬ್ಲ್ಯೂಪಿಎ3 ಇದೆಯಾ ನೋಡಿ. ಡಬ್ಲ್ಯೂಇಪಿ ಅಂತಿದ್ದರೆ ಈಗಲೇ ಬದಲಿಸಿ, ಅದರ ಬೀಗ 2001ರಲ್ಲೇ ಒಡೆದುಹೋಗಿದೆ. ಆ ಸೆಟ್ಟಿಂಗ್ಸ್ ಪುಟಕ್ಕೇ ಬೇರೆ ಪಾಸ್‌ವರ್ಡ್ ಇರುತ್ತದೆ, ಅದು ಇನ್ನೂ "ಅಡ್ಮಿನ್" ಅಂತಲೇ ಇದ್ದರೆ ಅದನ್ನೂ ಬದಲಿಸಿಬಿಡಿ.