ಸಹಾಯ ಬೇಕು: ಗಿಟಾರ್‌ಗೆ ಟ್ಯೂಬ್ ಆಂಪ್ (ಗಾಜಿನ ವಾಲ್ವ್ ಇರುವ ಆಂಪ್ಲಿಫೈಯರ್) ತಗೊಳ್ಳಲಾ, ಸಾಲಿಡ್ ಸ್ಟೇಟ್ (ಟ್ರಾನ್ಸಿಸ್ಟರ್‌ನದು) ಸಾಕಾ?

ಎಲ್ಲರಿಗೂ ನಮಸ್ಕಾರ. ಹೋದ ವಾರ ಗೆಳೆಯನ ಮನೆಯಲ್ಲಿ ಫೆಂಡರ್ ಬ್ಲೂಸ್ ಜೂನಿಯರ್ ಆಂಪ್‌ನಲ್ಲಿ ಗಿಟಾರ್ ನುಡಿಸಿದೆ. ಬರೀ 15 ವ್ಯಾಟ್, ಪವರ್‌ಗೆ ಎರಡು ಇಎಲ್84 ಟ್ಯೂಬ್. ತಂತಿಯನ್ನು ಮೆಲ್ಲಗೆ ಮೀಟಿದರೆ ಸ್ವರ ತಿಳಿಯಾಗಿ ಬರುತ್ತದೆ. ಸ್ವಲ್ಪ ಜೋರಾಗಿ ಮೀಟಿದರೆ ಅದೇ ಸ್ವರ ಅಂಚಿನಲ್ಲಿ ಒಡೆದು ಗರಗರ ಅನ್ನುತ್ತದೆ. ಸದ್ದು ಬದಲಿಸುವ ಪೆಡಲ್ ಮುಟ್ಟಲೇ ಇಲ್ಲ, ಎಲ್ಲಾ ಬೆರಳಲ್ಲೇ! ಅವತ್ತಿನಿಂದ ಅದೇ ಗುಂಗು.

ಆದರೆ ನಾನಿರುವುದು ಮೈಸೂರಿನ ಅಪಾರ್ಟ್‌ಮೆಂಟಿನಲ್ಲಿ. ಆ ಸದ್ದು ಬರಬೇಕಾದರೆ ವಾಲ್ಯೂಮ್ ಏರಿಸಲೇಬೇಕು ಅಲ್ವಾ? ಪಕ್ಕದ ಮನೆಯಲ್ಲಿ ಚಿಕ್ಕ ಮಗು ಇದೆ. ಟ್ಯೂಬ್ ಸವೆದರೆ ಬದಲಿಸುವ ಖರ್ಚು ಬೇರೆ. ರೋಲ್ಯಾಂಡ್ ಜೆಸಿ-40 ಕೂಡ ನುಡಿಸಿ ನೋಡಿದೆ. ಸಾಲಿಡ್ ಸ್ಟೇಟ್, ಟ್ಯೂಬಿನ ತಾಪತ್ರಯ ಇಲ್ಲ, ಕೋರಸ್ (ಒಂದೇ ಗಿಟಾರ್ ಹಲವು ಗಿಟಾರ್‌ನಂತೆ ಕೇಳಿಸುವ ಎಫೆಕ್ಟ್) ಅಂತೂ ಬಹಳ ಚೆನ್ನಾಗಿದೆ. ಆದರೆ ಬೆರಳಿನ ಮಾತು ಅಷ್ಟು ಕೇಳುವುದಿಲ್ಲ ಅನಿಸಿತು.

ಇನ್ನೊಂದು ವಿಷಯ. ಅಕ್ಕ ಅಮೆರಿಕದಿಂದ ಹಳೆಯ ಟ್ಯೂಬ್ ಆಂಪ್ ತರುತ್ತೇನೆ ಅನ್ನುತ್ತಿದ್ದಾಳೆ. ಅಲ್ಲಿ 120 ವೋಲ್ಟ್, ನಮ್ಮಲ್ಲಿ 230. ವೋಲ್ಟೇಜ್ ಇಳಿಸುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಹಾಕಿ ಯಾರಾದರೂ ವರ್ಷಗಟ್ಟಲೆ ಓಡಿಸಿದ್ದೀರಾ? ಅಟೆನ್ಯುಯೇಟರ್ (ಆಂಪ್‌ಗೂ ಸ್ಪೀಕರ್‌ಗೂ ನಡುವೆ ಹಾಕಿ ಸದ್ದು ತಗ್ಗಿಸುವ ಸಾಧನ) ಬಳಸುವವರಿದ್ದರೆ, ಸದ್ದು ತಗ್ಗಿಸಿದಾಗ ಆ ಒಡಕು ಹಾಗೇ ಉಳಿಯುತ್ತದಾ, ಸಪ್ಪೆಯಾಗುತ್ತದಾ ಹೇಳಿ. ಮೈಸೂರು, ಬೆಂಗಳೂರಿನಲ್ಲಿ ಟ್ಯೂಬ್ ಆಂಪ್ ರಿಪೇರಿ ಮಾಡುವವರು ಗೊತ್ತಿದ್ದರೆ ದಯವಿಟ್ಟು ತಿಳಿಸಿ.